ಮಾವು ಹಾಕಿದ ಹೇಜಿ ಬಿಯರಿನಲ್ಲಿ ಮಾವು ಎಲ್ಲಿದೆ?

ಪ್ರಶ್ನೆ: ಧಾರವಾಡದವ, ಬಾಸ್ಟನ್

ಬಾಸ್ಟನ್ ಸುತ್ತಮುತ್ತ ಯಾವ ಅಂಗಡಿಗೆ ಹೋದರೂ ಬಿಯರ್ ಕಪಾಟಿನ ದೊಡ್ಡ ಪಾಲನ್ನು ಹೇಜಿ ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಮಬ್ಬು ಬಿಯರುಗಳೇ ಹಿಡಿದಿರುತ್ತವೆ. ಅವುಗಳನ್ನು ಕುಡಿದು ರೂಢಿಯಿದ್ದರೂ ಹಣ್ಣು ಸೇರಿಸಿದವನ್ನು ಇದುವರೆಗೆ ದೂರವೇ ಇಟ್ಟಿದ್ದೆ. ಈಚೆಗೆ ಇಲ್ಲಿನ ಒಂದು ಸಣ್ಣ ಬ್ರೂವರಿಯವರು ಮಾವು ಮತ್ತು ಪ್ಯಾಶನ್ ಫ್ರೂಟ್ ಹಾಕಿ ಮಾಡಿದ ಕ್ಯಾನ್ ಕಣ್ಣಿಗೆ ಬಿದ್ದಾಗ, ಆಪೂಸು ತಿಂದು ಬೆಳೆದವನಿಗೆ ಸಹಜವಾದ ಕುತೂಹಲದಿಂದ ಕೊಂಡು ತಂದೆ. ಆಲ್ಕೊಹಾಲ್ ಶೇ. 6.8, ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ಸ್ ಹೂವಿನ ತಳಿಗಳು ಸಿಟ್ರಾ ಮತ್ತು ಮೊಸೇಯಿಕ್, ಧಾನ್ಯದಲ್ಲಿ ಬಾರ್ಲಿಯ ಜೊತೆಗೆ ಓಟ್ಸ್ ಮತ್ತು ಗೋಧಿ ಎಂದು ಕ್ಯಾನಿನ ಮೇಲೆ ಬರೆದಿತ್ತು.

ಗ್ಲಾಸಿಗೆ ಸುರಿದಾಗ ಬಣ್ಣ ತೆಳ್ಳಗೆ ಮಾಡಿದ ಸೀಕರಣೆಯಂತೆ ಕಂಡಿತು. ಆಚೆ ಬದಿಯ ಬೆರಳು ಕಾಣದಷ್ಟು ಮಬ್ಬು. ಮೂಗಿಗೆ ಮೊದಲು ಬಂದದ್ದು ನಿಸ್ಸಂದೇಹವಾಗಿ ಮಾವಿನ ಘಮ, ಅದರ ಹಿಂದೆ ಕಿತ್ತಳೆ ಸಿಪ್ಪೆ ಮತ್ತು ಸ್ವಲ್ಪ ಸೀಬೆ. ಆದರೆ ಬಾಯಿಗೆ ಹಾಕಿಕೊಂಡಾಗ ಆ ಮಾವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಾಲಿಗೆಯ ಎರಡೂ ಬದಿಗೆ ಚುರುಕಾದ ಹುಳಿ, ನಡುವೆ ಓಟ್ಸ್‌ನ ನಯ, ಕೊನೆಯಲ್ಲಿ ಗಂಟಲಲ್ಲಿ ಒಂದು ಬಗೆಯ ಕೆರೆತ. ಸಿಹಿ ಇಲ್ಲವೇ ಇಲ್ಲ ಎನ್ನಬಹುದು. ಇನ್ನೂ ಗೊಂದಲದ ವಿಷಯವೆಂದರೆ, ಅದೇ ಬ್ರೂವರಿಯ ಹಣ್ಣು ಹಾಕದ ಹೇಜಿ ಐಪಿಎಯನ್ನು ಪಕ್ಕದಲ್ಲಿಟ್ಟು ಮೂಸಿದಾಗ ಅದರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಮಾವಿನ ವಾಸನೆಯಿತ್ತು.

ಹೀಗಿರುವಾಗ ನಾನು ಮೂಸಿದ್ದು ಹಣ್ಣನ್ನೋ ಹಾಪ್ಸನ್ನೋ? ಹಣ್ಣಿನ ತಿರುಳಿನಿಂದಲೇ ಬಿಯರು ಮಬ್ಬಾಗುತ್ತದೆಯೇ, ಅಥವಾ ಯೀಸ್ಟ್ ತಳ ಸೇರದೆ ಉಳಿದಿರುವುದರಿಂದಲೇ? ಇಂಥ ಬಿಯರನ್ನು ರುಚಿ ನೋಡುವಾಗ ಯಾವುದನ್ನು ಹುಡುಕಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕುದಿತೊಟ್ಟಿ, ಬೆಂಗಳೂರು

ಬೆಂಗಳೂರಿನ ಬ್ರೂಪಬ್ ಒಂದರಲ್ಲಿ ಬಿಯರ್ ತಯಾರಿಸುವುದೇ ನನ್ನ ಉದ್ಯೋಗವಾದ್ದರಿಂದ ತೊಟ್ಟಿಯ ಕಡೆಯಿಂದ ಉತ್ತರಿಸುತ್ತೇನೆ. ನಿಮ್ಮ ಮೂಗು ನಿಮಗೆ ಸರಿಯಾಗಿಯೇ ಹೇಳಿದೆ: ಆ ಘಮದಲ್ಲಿ ಹಾಪ್ಸ್‌ನ ಪಾಲೇ ಹೆಚ್ಚಿರಬೇಕು.

ಹಾಪ್ಸ್ ಹೂವನ್ನು ಬಿಯರಿನ ರಸದೊಡನೆ ಹೆಚ್ಚು ಹೊತ್ತು ಕುದಿಸಿದರೆ ಅದರಲ್ಲಿನ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿ ಕೊಡುತ್ತವೆ, ಸುವಾಸನೆಯ ಎಣ್ಣೆಗಳು ಆವಿಯೊಡನೆ ಹಾರಿಹೋಗುತ್ತವೆ. ಹೇಜಿ ಶೈಲಿಯಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡಿ, ಕುದಿಯುವಾಗ ಅತ್ಯಲ್ಪ ಹಾಪ್ಸ್ ಹಾಕಿ, ಒಲೆ ಆರಿಸಿದ ಮೇಲೆ ಮತ್ತು ಹುದುಗುವ ತೊಟ್ಟಿಯಲ್ಲಿ ಹೇರಳವಾಗಿ ಹಾಕುತ್ತಾರೆ. ಈ ಎರಡನೆಯದಕ್ಕೇ ಡ್ರೈ ಹಾಪಿಂಗ್ ಎನ್ನುವುದು. ಹೀಗೆ ಮಾಡಿದಾಗ ಸಿಟ್ರಾ, ಮೊಸೇಯಿಕ್, ಆಸ್ಟ್ರೇಲಿಯಾದ ಗ್ಯಾಲಕ್ಸಿ, ನ್ಯೂಜಿಲೆಂಡಿನ ನೆಲ್ಸನ್ ಸೊವಿನ್ ಮುಂತಾದ ತಳಿಗಳು ಮಾವು, ಸೀಬೆ, ಪ್ಯಾಶನ್ ಫ್ರೂಟ್, ದ್ರಾಕ್ಷಿಗಳ ವಾಸನೆಯನ್ನು ಒಂದು ಹನಿ ಹಣ್ಣಿನ ರಸವೂ ಇಲ್ಲದೆ ಬಿಟ್ಟುಕೊಡುತ್ತವೆ. ಇದರಲ್ಲಿ ಮಾಯವೇನೂ ಇಲ್ಲ. ಪ್ಯಾಶನ್ ಫ್ರೂಟಿಗೂ ಸೀಬೆಗೂ ಅವುಗಳ ವಾಸನೆ ಕೊಡುವ ಥಯೋಲ್ ಎಂಬ ಗಂಧಕಯುಕ್ತ ಸಂಯುಕ್ತಗಳು ಈ ಹಾಪ್ಸ್‌ಗಳಲ್ಲಿಯೂ ಇವೆ, ಮತ್ತು ಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿದ್ದರೂ ಮನುಷ್ಯನ ಮೂಗು ಅವನ್ನು ಹಿಡಿದುಬಿಡುತ್ತದೆ. ಜರ್ಮನಿಯ ಹೆಫೆವೈಜನ್ ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ವಾಸನೆ ಬರುವುದು ಯೀಸ್ಟಿನಿಂದ ಎಂದು ನಮ್ಮ ಊರಿನ ಗ್ರಾಹಕರಿಗೆ ವಿವರಿಸುವಾಗಲೂ ಅವರು ಮೊದಮೊದಲು ನಂಬುವುದಿಲ್ಲ.

ಇನ್ನು ಬಾಯಲ್ಲಿ ಸಿಕ್ಕದ ಮಾವಿನ ವಿಷಯ. ಹಣ್ಣಿನ ಪ್ಯೂರಿಯನ್ನು, ಅಂದರೆ ಅರೆದ ತಿರುಳನ್ನು, ಸಾಮಾನ್ಯವಾಗಿ ಹುದುಗು ಮುಗಿಯುವ ಹೊತ್ತಿಗೆ ತೊಟ್ಟಿಗೆ ಸೇರಿಸುತ್ತೇವೆ. ಅಲ್ಲಿ ಇನ್ನೂ ಜೀವಂತವಾಗಿರುವ ಯೀಸ್ಟ್, ಮಾವಿನ ಸಕ್ಕರೆಯನ್ನು, ಅಂದರೆ ಸುಕ್ರೋಸ್, ಗ್ಲೂಕೋಸ್, ಫ್ರಕ್ಟೋಸ್ ಮೂರನ್ನೂ, ಪೂರ್ತಿ ತಿಂದು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ತಿನ್ನಲಾಗದೆ ಉಳಿಯುವುದು ಹಣ್ಣಿನ ಆಮ್ಲ, ನಾರು, ಪೆಕ್ಟಿನ್ ಎಂಬ ಅಂಟು, ಒಂದಿಷ್ಟು ಬಣ್ಣ ಮತ್ತು ಸುವಾಸನೆ. ಮಾವು ಸ್ವಭಾವತಃ ಹುಳಿ ಕಡಿಮೆಯ ಹಣ್ಣು, ಪ್ಯಾಶನ್ ಫ್ರೂಟ್ ಬಹಳ ಹುಳಿ. ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು) ಸುಮಾರು 3ರಷ್ಟಿದ್ದರೆ ಬಿಯರಿನದು ಸಾಮಾನ್ಯವಾಗಿ 4ರಿಂದ 4.6ರ ನಡುವೆ. ಆದ್ದರಿಂದ ಕ್ಯಾನಿನ ಮೇಲೆ ಮಾವಿನ ಹೆಸರು ಮೊದಲಿದ್ದರೂ ನಾಲಿಗೆಯಲ್ಲಿ ಪ್ಯಾಶನ್ ಫ್ರೂಟಿನ ಹುಳಿಯೇ ಮುಂದೆ ನಿಂತಿದೆ. ಅದನ್ನು ಹಾಕುವ ಉದ್ದೇಶವೂ ಬಹುಮಟ್ಟಿಗೆ ಅದೇ. ಬರೀ ಮಾವು ಹಾಕಿದ ಬಿಯರು ಸಪ್ಪೆಯಾಗಿ, ತೂಕವಾಗಿ ಕುಳಿತುಬಿಡುತ್ತದೆ.

ಮಬ್ಬಿಗೆ ಮುಖ್ಯ ಕಾರಣ ಹಣ್ಣೂ ಅಲ್ಲ, ಯೀಸ್ಟೂ ಅಲ್ಲ. ಓಟ್ಸ್ ಮತ್ತು ಗೋಧಿಯ ಪ್ರೋಟೀನುಗಳು ಹಾಪ್ಸ್‌ನ ಪಾಲಿಫಿನಾಲುಗಳೆಂಬ ಒಗರು ಸಂಯುಕ್ತಗಳೊಡನೆ ಕೂಡಿ ಬಹಳ ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತವೆ, ಅವು ಬೇಗ ಕೆಳಗಿಳಿಯುವುದಿಲ್ಲ. ಹಣ್ಣಿನ ಪೆಕ್ಟಿನ್ ಇದಕ್ಕೆ ಸ್ವಲ್ಪ ಸೇರಿಕೆ ಕೊಡಬಹುದು. ಕ್ಯಾನನ್ನು ಫ್ರಿಜ್ಜಿನಲ್ಲಿ ಕದಲಿಸದೆ ನಿಲ್ಲಿಸಿಟ್ಟು ನಿಧಾನವಾಗಿ ಸುರಿಯಿರಿ: ಮೇಲಿನ ಬಿಯರು ಇನ್ನೂ ಮಬ್ಬಾಗಿದ್ದರೆ ಅದು ಬೇಕೆಂದೇ ಮಾಡಿದ ಮಬ್ಬು, ಮೇಲೆ ತಿಳಿಯಾಗಿ ತಳದಲ್ಲಿ ದಪ್ಪ ಗಸಿ ಕೂತಿದ್ದರೆ ಅದು ಯೀಸ್ಟ್ ಅಥವಾ ತಿರುಳು. ಯೀಸ್ಟಿನಿಂದಲೇ ಕದಡಿಕೊಂಡಿರುವ ಹೇಜಿ ಬಿಯರನ್ನು ನಮ್ಮ ವೃತ್ತಿಯಲ್ಲಿ ಯಾರೂ ಮೆಚ್ಚುವುದಿಲ್ಲ. ಹಸಿ ಹಿಟ್ಟಿನ ರುಚಿಯೊಂದು ಹಣ್ಣನ್ನೆಲ್ಲ ಮುಚ್ಚಿಹಾಕುತ್ತದೆ.

ಗಂಟಲ ಕೆರೆತ ಹಾಪ್ಸ್‌ನದು. ಡ್ರೈ ಹಾಪಿಂಗ್ ಹೆಚ್ಚಾಗಿ, ಹಾಪ್ಸ್ ಪುಡಿ ತಳ ಸೇರುವ ಮೊದಲೇ ಕ್ಯಾನಿಗೆ ತುಂಬಿದಾಗ ಆ ಒಗರು ಉಳಿಯುತ್ತದೆ. ಒಂದೆರಡು ವಾರ ತಣ್ಣಗಿಟ್ಟರೆ ಬಹುತೇಕ ಇಳಿಯುತ್ತದೆ.

ಉತ್ತರ: ಹಸಿರುಬೆಟ್ಟ, ವರ್ಮಾಂಟ್

ಮೇಲಿನವರ ಮಾತಿಗೆ ಈ ಶೈಲಿ ಹುಟ್ಟಿದ ಅಮೆರಿಕದ ವರ್ಮಾಂಟ್ ರಾಜ್ಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇಲ್ಲಿನ ವಾಟರ್‌ಬರಿ ಎಂಬ ಸಣ್ಣ ಊರಿನ ದಿ ಆಲ್ಕೆಮಿಸ್ಟ್ ಪಬ್ಬಿನಲ್ಲಿ ಜಾನ್ ಕಿಮ್ಮಿಚ್ ಅವರು ತಯಾರಿಸುತ್ತಿದ್ದ ಹೆಡಿ ಟಾಪರ್ ಈ ಮಬ್ಬು ಐಪಿಎಗಳಿಗೆಲ್ಲ ಹಿರಿಯಣ್ಣ. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತದ ನೆರೆಯಲ್ಲಿ ಆ ಪಬ್ ಮುಳುಗಿತು. ಅದೇ ದಿನಗಳಲ್ಲಿ ಅವರ ಕ್ಯಾನಿಂಗ್ ಘಟಕ ಆರಂಭವಾಗಿ, ಪಬ್ಬಿಗೆ ಬಂದವರಷ್ಟೇ ಕುಡಿಯುತ್ತಿದ್ದ ಬಿಯರು ಹೊರಗೆ ಹರಡಿತು. ಕ್ಯಾನಿನಿಂದಲೇ ಕುಡಿಯಿರಿ ಎಂದು ಆ ಕ್ಯಾನಿನ ಮೇಲೆ ಅಚ್ಚು ಹಾಕಿಸಿದ್ದರು, ಮಬ್ಬನ್ನು ನೋಡಿ ಜನ ಹಿಂಜರಿಯುತ್ತಿದ್ದ ಕಾಲವದು. ಅಮೆರಿಕದ ಬ್ರೂವರ್ಸ್ ಅಸೋಸಿಯೇಶನ್ ತನ್ನ ಶೈಲಿಗಳ ಪಟ್ಟಿಯಲ್ಲಿ ಹೇಜಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದು 2018ರಲ್ಲಿ. ಅಷ್ಟರಲ್ಲಿ ನಿಮ್ಮ ಮ್ಯಾಸಚೂಸೆಟ್ಸ್‌ನ ಟ್ರೀ ಹೌಸ್, ಟ್ರಿಲಿಯಂ ಬ್ರೂವರಿಗಳ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು.

ಈ ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ಹಣ್ಣು ಹಾಕದೆ ಹಣ್ಣಿನ ವಾಸನೆ ತರುವುದೇ ಈ ಶೈಲಿಯ ಹೆಚ್ಚುಗಾರಿಕೆಯಾಗಿತ್ತು. ಅಂಥದ್ದರಲ್ಲಿ ಪ್ಯೂರಿ ಸುರಿಯುವುದು ನನ್ನ ದೃಷ್ಟಿಯಲ್ಲಿ ಕೈಲಾಗದವರ ಕೆಲಸ. ಬೆಂಗಳೂರಿನವರು ಒಪ್ಪದಿರಬಹುದು, ಬೇಸರಿಸಬಾರದು. ಹಣ್ಣು ಬೇಕೇ ಬೇಕೆಂದರೆ ಹಾಪ್ಸ್ ಕಡಿಮೆಯಿರುವ ಗೋಧಿ ಬಿಯರಿಗೋ ಹುಳಿ ಬಿಯರಿಗೋ ಹಾಕಲಿ, ಅಲ್ಲಿ ಹಣ್ಣಿಗೆ ಮಾತಾಡಲು ಜಾಗವಿರುತ್ತದೆ.

ಕೊಳ್ಳುವಾಗ ಕ್ಯಾನಿನ ಬುಡದಲ್ಲಿರುವ ತುಂಬಿದ ದಿನಾಂಕವನ್ನು ತಪ್ಪದೆ ನೋಡಿ. ಹೇಜಿಗೆ ಆಮ್ಲಜನಕ ದೊಡ್ಡ ಶತ್ರು. ಹೊಂಬಣ್ಣ ಮಂಕಾಗಿ, ನೇರಳೆ ಬೆರೆತ ಕಂದಿಗೆ ತಿರುಗಿದ್ದರೆ ಸುವಾಸನೆಯೂ ಹೋಗಿದೆ ಎಂದೇ ತಿಳಿಯಬೇಕು. ಆಗ ಉಳಿಯುವ ಒದ್ದೆ ರಟ್ಟಿನ ವಾಸನೆಯನ್ನು ಹಣ್ಣಿನ ತಲೆಗೆ ಕಟ್ಟಬಾರದು.

ಉತ್ತರ: ರಸಪುರಿ, ಮೈಸೂರು

ನಾನು ಬಿಯರ್ ಕುಡಿಯುವುದು ಅಪರೂಪ, ಆದರೆ ಆಹಾರ ವಿಜ್ಞಾನ ಓದಿದವಳಾದ್ದರಿಂದ ಮಾವಿನ ಬಗ್ಗೆ ಎರಡು ಮಾತು ಹೇಳಬಹುದು. ಮಾವಿನ ವಾಸನೆಯ ದೊಡ್ಡ ಪಾಲು ಟರ್ಪೀನುಗಳೆಂಬ ಸುವಾಸನೆಯ ಸಂಯುಕ್ತಗಳದು. ಅವುಗಳಲ್ಲಿ ಒಂದಾದ ಮಿರ್ಸೀನ್ ಹಾಪ್ಸ್ ಎಣ್ಣೆಯಲ್ಲಿಯೂ ಪ್ರಧಾನವಾಗಿರುತ್ತದೆ. ತೊಟ್ಟು ಮುರಿದಾಗ ಬರುವ ಸೊನೆಯ ಘಾಟನ್ನು ನೆನಪಿಸಿಕೊಳ್ಳಿ. ಬಿಯರಿನಲ್ಲಿ ಆ ದಿಕ್ಕಿನ, ಅಂಟು ಮತ್ತು ಕಿತ್ತಳೆ ಸಿಪ್ಪೆ ಬೆರೆತ ಮಾವು ಸಿಕ್ಕರೆ ಅದನ್ನು ಹಾಪ್ಸ್‌ನ ಲೆಕ್ಕಕ್ಕೆ ಬರೆಯುವುದು ಮೇಲು. ಆಪೂಸು ಹಣ್ಣಾದಾಗ ಮಾತ್ರ ಇದರ ಜೊತೆಗೆ ಲ್ಯಾಕ್ಟೋನುಗಳು, ಫ್ಯುರನಿಯಾಲ್ ಎಂಬ ಬೇರೆ ಸುವಾಸನೆಯ ಸಂಯುಕ್ತಗಳೂ ಹೆಚ್ಚುತ್ತವೆ. ಕೆನೆಯ ಹಾಗೂ ಕಾಯಿಸಿದ ಸಕ್ಕರೆಯ ಛಾಯೆ ಬರುವುದು ಅವುಗಳಿಂದ. ಆ ಮಾಗಿದ ಘಮ ಸಿಕ್ಕರೆ ನಿಜವಾದ ಹಣ್ಣು ಉಳಿದುಕೊಂಡಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ವಿಷಯವನ್ನು ಮೇಲಿನ ಇಬ್ಬರೂ ಬಿಟ್ಟಿದ್ದಾರೆ. ನಾವು ಮಾವಿನ ರುಚಿ ಎನ್ನುವುದರಲ್ಲಿ ಸಿಹಿಯ ಕೆಲಸ ಬಹಳವಿದೆ. ಸುವಾಸನೆ ಅಷ್ಟೇ ಇದ್ದರೂ ಸಕ್ಕರೆ ತೆಗೆದುಬಿಟ್ಟರೆ ಮಾವು ಎಂಬ ಭಾವನೆಯೇ ಕುಗ್ಗುತ್ತದೆ. ಗ್ಲಾಸಿನ ಮೇಲೆ ಮೂಸಿದಾಗ ಇದ್ದ ಹಣ್ಣು ಬಾಯಿಯಲ್ಲಿ ಕಾಣೆಯಾದದ್ದು ಇದರಿಂದಲೇ ಇರಬೇಕು.

ಪ್ಯೂರಿಯ ಮೂಲವೂ ಸ್ವಲ್ಪ ಮುಖ್ಯ. ಚಿತ್ತೂರು, ಕೃಷ್ಣಗಿರಿಗಳ ಕಾರ್ಖಾನೆಗಳಿಂದ ತೋತಾಪುರಿ ಮತ್ತು ಆಪೂಸಿನ ಪಲ್ಪ್ ಹೊರದೇಶಗಳಿಗೆ ಹೋಗುತ್ತದೆ, ನಮ್ಮ ಶ್ರೀನಿವಾಸಪುರದ ಕಡೆಯ ತೋತಾಪುರಿಯೂ ಬಹಳಷ್ಟು ಪಲ್ಪಿಗೇ ಮೀಸಲು. ಕ್ರಿಮಿಶುದ್ಧಿಗಾಗಿ ಬಿಸಿ ಮಾಡುವುದರಿಂದ ಹಸಿ ಹಣ್ಣಿನ ಹಗುರ ಘಮ ಸ್ವಲ್ಪ ಕಳೆದು ಬೆಂದ ಛಾಯೆ ಬರುತ್ತದೆ. ಹಣ್ಣು ಹಾಕಿದ್ದಾರೆಂದ ಮಾತ್ರಕ್ಕೆ ತಾಜಾ ಹಣ್ಣಿನ ವಾಸನೆಯನ್ನು ನಿರೀಕ್ಷಿಸುವಂತಿಲ್ಲ.

ಪ್ರಶ್ನೆ ಕೇಳಿದವರು: ಧಾರವಾಡದವ, ಬಾಸ್ಟನ್

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ಉಳಿದ ಕ್ಯಾನನ್ನು ನಿಲ್ಲಿಸಿಟ್ಟು ಸುರಿದೆ. ಮೇಲಿನದು ಮಬ್ಬಾಗಿಯೇ ಇತ್ತು, ತಳದಲ್ಲಿ ಹಳದಿ ಗಸಿ ಸ್ವಲ್ಪ ಕೂತಿತ್ತು. ಗ್ಲಾಸನ್ನು ಸ್ವಲ್ಪ ಹೊತ್ತು ಹೊರಗಿಟ್ಟ ಮೇಲೆ ಮೈಸೂರಿನವರು ಹೇಳಿದ ಆ ಕೆನೆಯ ಛಾಯೆ ನಿಜಕ್ಕೂ ಸಣ್ಣದಾಗಿ ಸಿಕ್ಕಿತು. ಹಣ್ಣಿಲ್ಲದ ಬಿಯರಿನಲ್ಲಿ ಅದು ಇರಲಿಲ್ಲ. ಇನ್ನು ಎರಡು ಸಂದೇಹಗಳಿವೆ. ಎಷ್ಟು ತಣ್ಣಗಿದ್ದಾಗ ಕುಡಿಯುವುದು ಸರಿ? ಅಂಗಡಿಯಲ್ಲಿ ಮಿಲ್ಕ್‌ಶೇಕ್ ಐಪಿಎ ಎಂದು ಬರೆದ ಮಾವಿನ ಕ್ಯಾನುಗಳೂ ಇದ್ದವು, ಅವು ಇದಕ್ಕಿಂತ ಬೇರೆಯೇ?

ಉತ್ತರ: ಕುದಿತೊಟ್ಟಿ, ಬೆಂಗಳೂರು

ಮೊದಲು ವರ್ಮಾಂಟಿನವರಿಗೆ: ಬೇಸರವೇನಿಲ್ಲ, ಅರ್ಧ ಒಪ್ಪುತ್ತೇನೆ. ಏಪ್ರಿಲ್‌ನಲ್ಲಿ ಮಾವು ಬಂದಾಗ ನಾನೂ ಅದನ್ನು ಗೋಧಿ ಬಿಯರಿಗೇ ಹಾಕುತ್ತೇನೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಹಾಪ್ಸ್ ಬೆಳೆಯುತ್ತಾರಾದರೂ ಸಿಟ್ರಾದಂಥವನ್ನು ನಾವು ಹೊರದೇಶದಿಂದಲೇ ತರಿಸಬೇಕು. ಅಷ್ಟು ಬೆಲೆಯ ಹಾಪ್ಸ್‌ನಡಿ ಹಣ್ಣನ್ನು ಹೂತುಹಾಕುವುದಕ್ಕೆ ಮನಸ್ಸು ಬರುವುದಿಲ್ಲ. ಆದರೆ ಪ್ಯೂರಿ ಹಾಕುವುದೆಲ್ಲ ಕೈಲಾಗದತನ ಎಂಬುದನ್ನು ಒಪ್ಪಲಾರೆ. ಹಾಪ್ಸ್ ಹುಳಿ ಕೊಡಲಾರದು, ಪ್ಯಾಶನ್ ಫ್ರೂಟ್ ಕೊಡುತ್ತದೆ. ಅಳತೆ ಸರಿಯಿದ್ದರೆ ಆ ಹುಳಿಯಿಂದ ಓಟ್ಸ್‌ನ ಜಿಡ್ಡು ಕತ್ತರಿಸಿದಂತಾಗಿ ಇನ್ನೊಂದು ಗುಟುಕಿಗೆ ಬಾಯಿ ಸಿದ್ಧವಾಗುತ್ತದೆ.

ಧಾರವಾಡದವರಿಗೆ: ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಹುಳಿ ಮತ್ತು ಗ್ಯಾಸು ಮಾತ್ರ ಮುಂದೆ ಬರುತ್ತವೆ. ಸುಮಾರು 7ರಿಂದ 10 ಡಿಗ್ರಿ ಸೆಲ್ಸಿಯಸ್ ಆದಾಗ ಸುವಾಸನೆ ತೆರೆದುಕೊಳ್ಳುತ್ತದೆ. ಹಣ್ಣಿಲ್ಲದ್ದನ್ನು ಮೊದಲು, ಹಣ್ಣಿನದನ್ನು ನಂತರ ನೋಡಿ, ಏಕೆಂದರೆ ಹುಳಿ ಬಿದ್ದ ನಾಲಿಗೆಗೆ ಮುಂದಿನ ಬಿಯರು ಚಪ್ಪಟೆಯಾಗಿ ತೋರುತ್ತದೆ. ಗುಟುಕು ನುಂಗಿದ ಮೇಲೆ ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ; ಕಾಣೆಯಾದ ಮಾವು ಎಷ್ಟೋ ಸಲ ಅಲ್ಲಿ ಸಿಗುತ್ತದೆ. ಜೊತೆಗೆ ಖಾರದ ತಿಂಡಿ ಬೇಡ, ಆಲ್ಕೊಹಾಲ್ ಮತ್ತು ಹಾಪ್ಸ್ ಎರಡೂ ಮೆಣಸಿನ ಉರಿಯನ್ನು ಏರಿಸುತ್ತವೆ.

ಮಿಲ್ಕ್‌ಶೇಕ್ ಐಪಿಎಯಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಹಾಕಿರುತ್ತಾರೆ. ಬಿಯರ್ ಯೀಸ್ಟ್ ಅದನ್ನು ತಿನ್ನಲಾರದ್ದರಿಂದ ಸಿಹಿ ಉಳಿಯುತ್ತದೆ, ಮಾವೂ ಮಾವಿನಂತೆ ತೋರುತ್ತದೆ. ಹಾಲು ಒಗ್ಗದವರು ಮನೆಯಲ್ಲಿದ್ದರೆ ಅವರಿಗೆ ಮೊದಲೇ ತಿಳಿಸಿ.

ತಳದ ಹಳದಿ ಗಸಿ ತಿರುಳಿನ ನಾರಿರಬೇಕು, ಕುಡಿದರೆ ಅಪಾಯವಿಲ್ಲ. ಒಂದು ಎಚ್ಚರಿಕೆ ಮಾತ್ರ: ಹಣ್ಣು ಹಾಕಿದ ಕ್ಯಾನನ್ನು ಕಾರಿನ ಡಿಕ್ಕಿಯಲ್ಲಿ ಅಥವಾ ಅಡುಗೆಮನೆಯ ಕಪಾಟಿನಲ್ಲಿ ಇಡಬೇಡಿ. ಹುದುಗದೆ ಉಳಿದ ಹಣ್ಣಿನ ಸಕ್ಕರೆಯೂ ಸ್ವಲ್ಪ ಯೀಸ್ಟೂ ಒಳಗಿದ್ದರೆ ಬೆಚ್ಚಗಾದಾಗ ಮತ್ತೆ ಹುದುಗಿ ಕ್ಯಾನ್ ಉಬ್ಬಿ ಒಡೆಯುವುದುಂಟು. ಉಬ್ಬಿದ ಕ್ಯಾನ್ ಕಂಡರೆ ಅಲುಗಾಡಿಸದೆ, ಮುಖದಿಂದ ದೂರವಿಟ್ಟು, ತಣ್ಣಗೆ ಮಾಡಿ ಸಿಂಕಿನೊಳಗೆ ನಿಧಾನವಾಗಿ ತೆರೆದು ಚೆಲ್ಲಿಬಿಡಿ.