ಸರಕಿನ ಹೆಸರಿನ ಡೊಮೇನ್ ಕೊಂಡ ಮೇಲೆ ಪಾವತಿ ಪುಟ ತೆರೆಯುತ್ತಿಲ್ಲ

ಬನವಾಸಿ_ರಸ್ತೆ, ಶಿರಸಿ
ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಜೇನುತುಪ್ಪದ ಅಂಗಡಿ. ಜಾಲತಾಣಕ್ಕೆ ಮನೆತನದ ಹೆಸರಿದೆ. ಬೆಂಗಳೂರಿನ ಗಿರಾಕಿಗಳಿಗೆ ಫೋನಿನಲ್ಲಿ ಅದನ್ನು ಬಿಡಿಬಿಡಿಸಿ ಹೇಳಿದರೂ ಬೇರೇನನ್ನೋ ಒತ್ತುತ್ತಾರೆ. ಹಾಗಾಗಿ ‘ಅಪ್ಪೆಮಿಡಿ’ ಎಂಬ ಪದವಿರುವ ಡಾಟ್ ಇನ್ ಹೆಸರೊಂದನ್ನು ಕೊಂಡೆವು. ತಾಣ ಮಾಡಿಕೊಟ್ಟವರು ಅದನ್ನು ಹಳೆಯ ತಾಣಕ್ಕೆ ಜೋಡಿಸಿದರು. ಈಗ ಫೋನ್ ಎತ್ತುತ್ತಿಲ್ಲ. ಹೊಸ ಹೆಸರಿನಿಂದ ಬಂದರೆ ಮೊಬೈಲಿನಲ್ಲಿ ಅಕ್ಷರ ಸಾಸಿವೆಕಾಳಿನಷ್ಟು ಕಾಣುತ್ತದೆ, ಹಣ ಕಟ್ಟುವ ಹೊತ್ತಿಗೆ ಪರದೆ ಬಿಳಿಯಾಗುತ್ತದೆ. ಹಳೆಯ ಹೆಸರಿನಿಂದ ಬಂದರೆ ಎಲ್ಲ ಸರಿ. ಬಾಟಲಿಯ ಚೀಟಿಯ ಮೇಲೆ ಹೊಸ ಹೆಸರೇ ಅಚ್ಚಾಗಿಬಿಟ್ಟಿದೆ.

ಕಾಳಿ_ಸೇತುವೆ, ಕಾರವಾರ
ಒಳಗಿನ ಯಾವುದಾದರೂ ಪುಟಕ್ಕೆ ಹೋದಾಗ ಮೇಲಿನ ವಿಳಾಸ ಬದಲಾಗುತ್ತದೆಯೇ? ಕಂಪ್ಯೂಟರಿನಲ್ಲಿ ಹೊಸ ಹೆಸರನ್ನು ತೆರೆದು, ಪುಟದ ಮೂಲ ಕೋಡ್ ನೋಡಿ. ‘ಫ್ರೇಮ್’ ಎಂಬ ಪದ ಇದೆಯೇ ತಿಳಿಸಿ.

ಬನವಾಸಿ_ರಸ್ತೆ
ವಿಳಾಸ ಬದಲಾಗುವುದಿಲ್ಲ, ಎಲ್ಲಿಗೆ ಹೋದರೂ ಹೊಸ ಹೆಸರಷ್ಟೇ. ಕೋಡ್ ನಾಲ್ಕಾರು ಸಾಲು ಮಾತ್ರ. ‘ಫ್ರೇಮ್‌ಸೆಟ್’ ಎಂದಿದೆ, ಅದರೊಳಗೆ ನಮ್ಮ ಹಳೆಯ ವಿಳಾಸ.

ಕಾಳಿ_ಸೇತುವೆ
ಹಾಗಾದರೆ ಅದೇ ರೋಗ. ಡೊಮೇನ್ ಮಾರುವವರ ತಾಣದ ನಿಯಂತ್ರಣ ಫಲಕದಲ್ಲಿ ‘ಮಾಸ್ಕಿಂಗ್ ಸಹಿತ ಫಾರ್ವರ್ಡಿಂಗ್’ ಎಂಬ ಆಯ್ಕೆ ಇರುತ್ತದೆ. ಹೊಸ ಹೆಸರಿನಲ್ಲಿ ಒಂದು ಖಾಲಿ ಚೌಕಟ್ಟು ಇಟ್ಟು ಹಳೆಯ ತಾಣವನ್ನು ಅದರೊಳಗೆ ತೋರಿಸುತ್ತಾರೆ. ನಿಮ್ಮ ತಾಣ ಮೊಬೈಲಿಗೆ ಹೊಂದಿಕೊಳ್ಳುವಂತೆ ಬರೆದದ್ದೇ ಇರಬಹುದು; ಆದರೆ ಆ ಸೂಚನೆ ಹೊರಗಿನ ಚೌಕಟ್ಟಿನಲ್ಲಿ ಇಲ್ಲದ್ದರಿಂದ ಮೊಬೈಲು ಅದನ್ನು ದೊಡ್ಡ ಪರದೆಯ ಪುಟ ಎಂದೇ ತಿಳಿದು ಕುಗ್ಗಿಸುತ್ತದೆ. ಪಾವತಿ ಸೇವೆಗಳಲ್ಲಿ ಹಲವು ತಮ್ಮ ಪುಟವನ್ನು ಬೇರೆ ತಾಣದ ಚೌಕಟ್ಟಿನೊಳಗೆ ತೆರೆಯಲು ಬಿಡುವುದೇ ಇಲ್ಲ, ವಂಚಕರ ಭಯಕ್ಕೆ. ಬಿಳಿ ಪರದೆ ಬರುವುದು ಅದಕ್ಕೆ.

ಮಾಸ್ಕಿಂಗ್ ತೆಗೆದು 301 ಎಂಬ ಶಾಶ್ವತ ರೀಡೈರೆಕ್ಟ್ ಹಾಕಿ, ಅಂದರೆ ಹೊಸ ಹೆಸರಿಗೆ ಬಂದವರನ್ನು ನೇರ ಹಳೆಯ ವಿಳಾಸಕ್ಕೇ ಕಳಿಸುವ ವ್ಯವಸ್ಥೆ. 302 ಬೇಡ, ಅದು ತಾತ್ಕಾಲಿಕ. ಹೊಸ ಹೆಸರಿಗೂ, ಸಂಪರ್ಕ ಸುರಕ್ಷಿತ ಎಂದು ಬ್ರೌಸರಿಗೆ ತೋರಿಸುವ ಎಸ್‌ಎಸ್‌ಎಲ್ ಪ್ರಮಾಣಪತ್ರ ಇರಬೇಕು. ಹಳೆಯದಕ್ಕೆ ಇರುವುದು ಇದಕ್ಕೆ ಸಾಲದು, ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ನೋಡಿ ಗಿರಾಕಿ ಬಾಗಿಲಲ್ಲೇ ತಿರುಗುತ್ತಾನೆ. ಪರೀಕ್ಷಿಸುವಾಗ ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ತೆರೆಯಿರಿ, ಬ್ರೌಸರ್ ಹಳೆಯ ಪುಟವನ್ನೇ ನೆನಪಿಟ್ಟುಕೊಂಡಿರಬಹುದು.

ಶರಾವತಿ_ದಡ, ಹೊನ್ನಾವರ
ರೀಡೈರೆಕ್ಟ್ ಏಕೆ? ಎರಡೂ ಹೆಸರಿನಲ್ಲಿ ಅದೇ ತಾಣ ಇಟ್ಟರೆ ಗೂಗಲ್‌ನಲ್ಲಿ ಎರಡು ಜಾಗ ಸಿಗುವುದಿಲ್ಲವೇ? ಅದೂ ಹೆಸರಿನಲ್ಲೇ ಅಪ್ಪೆಮಿಡಿ ಇದ್ದರೆ ಮೇಲೆಯೇ ಬರಬೇಕು.

ಕಾಳಿ_ಸೇತುವೆ
ಆ ಕಾಲ ಮುಗಿಯಿತು ಮಾರಾಯರೇ. ಹುಡುಕುವ ಪದವೇ ಡೊಮೇನ್ ಆಗಿದೆ ಎಂಬ ಒಂದೇ ಕಾರಣಕ್ಕೆ ಮೇಲೆ ಬರುತ್ತಿದ್ದ ಕಳಪೆ ತಾಣಗಳನ್ನು ಗೂಗಲ್ 2012ರ ಸೆಪ್ಟೆಂಬರ್‌ನಲ್ಲೇ ಕೆಳಗಿಳಿಸಿತು. ಒಂದೇ ಬರಹ ಎರಡು ಕಡೆ ಇದ್ದರೆ ಅದು ಒಂದನ್ನು ಮೂಲವೆಂದು ಆರಿಸಿ ಇನ್ನೊಂದನ್ನು ಬದಿಗಿಡುತ್ತದೆ, ಆರಿಸುವುದು ನಿಮಗೆ ಬೇಕಾದದ್ದನ್ನೇ ಎಂಬ ಖಾತ್ರಿಯೂ ಇಲ್ಲ.

ಹಾಗೆಂದು ಇಂಥ ಹೆಸರು ದಂಡವಲ್ಲ, ನಾನಾದರೆ ಬಿಡುವುದಿಲ್ಲ. ಮಾರಿಕಾಂಬಾ ಜಾತ್ರೆಗೆ ಬಂದು ಒಂದು ಬಾಟಲಿ ಕೊಂಡವರಿಗೆ ಮನೆಗೆ ಹೋದ ಮೇಲೆ ನೆನಪಿರುವುದು ಅಪ್ಪೆಮಿಡಿ, ನಿಮ್ಮ ಮನೆತನವಲ್ಲ. ಅಚ್ಚಾದ ಚೀಟಿ, ರಿಕ್ಷಾದ ಹಿಂದಿನ ಫಲಕ, ಫೋನಿನ ಮಾತು, ಇವುಗಳಲ್ಲೇ ಅದರ ದುಡಿಮೆ. ಜಾಹೀರಾತಿನ ಕೆಳಗೆ ಆ ವಿಳಾಸ ಕಂಡರೆ ಏನು ಮಾರುತ್ತೀರೆಂದು ಬೇರೆ ಹೇಳಬೇಕಿಲ್ಲ. ಒಂದು ತೊಂದರೆ: ನಮ್ಮ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ‘ಪಿ’ ಒಂದೋ ಎರಡೋ, ನಡುವೆ ಗೆರೆ ಇದೆಯೋ ಇಲ್ಲವೋ. ಹೆಚ್ಚು ಬಳಕೆಯ ಒಂದೆರಡು ರೂಪಗಳನ್ನೂ ಕೊಂಡು ಅದೇ ತಾಣಕ್ಕೆ ತಿರುಗಿಸಿ. ಕನ್ನಡ ಲಿಪಿಯ ಡಾಟ್ ಭಾರತ ಹೆಸರೂ ಸಿಗುತ್ತದೆ, ಆದರೆ ಕೆಲವು ಆ್ಯಪ್‌ಗಳಲ್ಲಿ ಅದು ‘ಎಕ್ಸ್‌ಎನ್’ ಎಂದು ಶುರುವಾಗುವ ಅರ್ಥವಾಗದ ಸಾಲಾಗಿ ಕಾಣುತ್ತದೆ. ಚೀಟಿಯ ಮೇಲೆ ಅದೊಂದನ್ನೇ ನಂಬಬೇಡಿ.

ಮನೆತನದ ಹೆಸರನ್ನು ಮಾತ್ರ ಕೈಬಿಡಬೇಡಿ. ಸರಕನ್ನು ಬಣ್ಣಿಸುವ ಬರಿಯ ಪದಕ್ಕೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ರಕ್ಷಣೆ ಸಿಗುವುದು ಕಷ್ಟ. ನಾಳೆ ಪಕ್ಕದ ಅಂಗಡಿಯವರು ಅದೇ ಪದಕ್ಕೆ ‘ಆನ್‌ಲೈನ್’ ಸೇರಿಸಿ ಕೊಂಡರೆ ತಡೆಯುವುದು ಹೇಗೆ?

ಘಟ್ಟದ_ಮೇಲೆ, ಯಲ್ಲಾಪುರ
ಅಡಿಕೆಯನ್ನೂ ಮಾರುವ ಯೋಚನೆ ಇದ್ದರೆ ಒಂದು ಮಾತು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಜಿಐ, ಅಂದರೆ ಆ ಸೀಮೆಯ ಸರಕಿಗಷ್ಟೇ ಸಲ್ಲುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಡೊಮೇನ್ ಖಾಲಿ ಇದೆ ಎಂದು ಕೊಂಡು ಹೊರಗಿನ ಅಡಿಕೆ ಮಾರಿದರೆ ಕಾನೂನಿನ ತಕರಾರು ಬರುತ್ತದೆ.

ಬನವಾಸಿ_ರಸ್ತೆ
301 ಹಾಕಿಸಿದೆ. ಅಕ್ಷರ ಸರಿಯಾಯಿತು, ಪಾವತಿಯೂ ಆಗುತ್ತಿದೆ. ಆದರೆ ಮುಂದೆ ಡಬ್ಲ್ಯೂ ಮೂರು ಸಲ ಹಾಕಿ ಒತ್ತಿದರೆ ಮಾತ್ರ ‘ತಾಣ ಸಿಗಲಿಲ್ಲ’ ಎನ್ನುತ್ತದೆ.

ಕಾಳಿ_ಸೇತುವೆ
ಡಿಎನ್ಎಸ್‌ನಲ್ಲಿ (ಯಾವ ಹೆಸರು ಎಲ್ಲಿಗೆ ಹೋಗಬೇಕೆಂದು ಬರೆದಿಡುವ ಪಟ್ಟಿ) ಅದಕ್ಕೆ ಪ್ರತ್ಯೇಕ ದಾಖಲೆ ಬೇಕು. ಒಂದು ಹೆಸರನ್ನು ಇನ್ನೊಂದಕ್ಕೆ ಜೋಡಿಸುವ ಸಿನೇಮ್ ದಾಖಲೆಯೊಂದನ್ನು ಸೇರಿಸಿ, ಫಾರ್ವರ್ಡಿಂಗ್ ಪಟ್ಟಿಯಲ್ಲೂ ಆ ರೂಪವನ್ನು ಬರೆಯಿರಿ. ಈ ಬದಲಾವಣೆ ಎಲ್ಲೆಡೆ ಹರಡಲು ಕೆಲವು ತಾಸು ಹಿಡಿಯಬಹುದು. ಡೊಮೇನ್ ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿದೆಯೇ, ಅಥವಾ ಆ ಫೋನ್ ಎತ್ತದವರ ಹೆಸರಿನಲ್ಲಿದೆಯೇ ಎಂಬುದನ್ನೂ ಇವತ್ತೇ ನೋಡಿಕೊಳ್ಳಿ.