ಪ್ರಾಕ್ಸಿ ಪಾಠದಲ್ಲಿ ‘ಅಪ್‌ಸ್ಟ್ರೀಮ್’, ‘ಚಂಕ್’: ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಪೈಥಾನ್ ವೆಬ್ ಪ್ರಾಕ್ಸಿಯ (ಬ್ರೌಸರ್‌ಗೂ ವೆಬ್‌ಸೈಟಿಗೂ ನಡುವೆ ಕೂರುವ ಪ್ರೋಗ್ರಾಮ್) ಲ್ಯಾಬ್ ಪಾಠವೊಂದು ಕನ್ನಡದಲ್ಲಿ ತಯಾರಾಗುತ್ತಿದೆ. ಬಳಸುತ್ತಿರುವುದು ‘ಪ್ರಾಕ್ಸಿ ಡಾಟ್ ಪೈ’. ಪಿಪ್ ಮೂಲಕ ಹಾಕಿಕೊಂಡು ಓಡಿಸಿದರೆ 8899ನೇ ಪೋರ್ಟ್‌ನಲ್ಲಿ ಕೂರುತ್ತದೆ. ನಾವು ಬರೆದ ಪ್ಲಗಿನ್ ಕ್ಲಾಸಿನ ಹೆಸರನ್ನು ಶುರು ಮಾಡುವಾಗಲೇ ‘ಪ್ಲಗಿನ್ಸ್’ ಆಯ್ಕೆಗೆ ಕೊಡಬೇಕು. ಪ್ರಾಕ್ಸಿ, ಪ್ಲಗಿನ್, ಪೋರ್ಟ್ ಹಾಗೇ ಇರಲಿ, ತಕರಾರಿಲ್ಲ. ತೊಡಕಿರುವುದು ‘ಅಪ್‌ಸ್ಟ್ರೀಮ್’ (ಪ್ರಾಕ್ಸಿ ಮುಂದಕ್ಕೆ ಸಂಪರ್ಕಿಸುವ ಸರ್ವರ್) ಮತ್ತು ‘ಚಂಕ್’ (ಅಲ್ಲಿಂದ ಬರುವ ಡೇಟಾದ ಭಾಗ) ಬಗ್ಗೆ. ಕರಡಿನಲ್ಲಿ ‘ಮೂಲ ಸರ್ವರ್’, ‘ಉತ್ತರ’ ಎಂದಿದೆ. ಮೊದಲನೆಯದಕ್ಕೆ ‘ಮೇಲ್ದಂಡೆ’ ಎಂಬ ಸಲಹೆಯೂ ಬಂದಿದೆ. ಯಾವುದು ಸರಿ?

— ಚಿತ್ರದುರ್ಗದಿಂದ ಉತ್ತರ:

‘ಮೂಲ ಸರ್ವರ್’ ಬೇಡ ಸರ್. ಕಾಲೇಜಿನ ನೆಟ್‌ವರ್ಕಿನಲ್ಲಿ ಮೊದಲೇ ಒಂದು ಪ್ರಾಕ್ಸಿ ಇದ್ದು, ಹುಡುಗರ ಪ್ರಾಕ್ಸಿ ಅದರ ಮೂಲಕವೇ ಹೊರಗೆ ಹೋಗಬೇಕಾದರೆ ಅದೇ ಅಪ್‌ಸ್ಟ್ರೀಮ್, ಮೂಲ ಅದರಾಚೆಗಿರುತ್ತದೆ. ‘ಮೇಲ್ದಂಡೆ’ ಕಿವಿಗೇನೋ ಹಿತ, ಭದ್ರಾ ಮೇಲ್ದಂಡೆ ಯೋಜನೆಯಿಂದಾಗಿ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಇಲ್ಲಿ ಬೇಕಾದದ್ದು ಹರಿವಿನ ದಿಕ್ಕು, ದಂಡೆಯಲ್ಲ. ‘ಮೇಲಿನ ಸರ್ವರ್’ ಸಾಕು. ‘ಬಿಫೋರ್ ಅಪ್‌ಸ್ಟ್ರೀಮ್ ಕನೆಕ್ಷನ್’ ಮೆಥಡ್‌ಗೆ ‘ಮೇಲಿನ ಸರ್ವರಿಗೆ ಸಂಪರ್ಕವಾಗುವ ಮುನ್ನ’ ಎಂದು ಬರೆದು, ರಿಕ್ವೆಸ್ಟನ್ನು ರಿಟರ್ನ್ ಮಾಡಲು ಮರೆಯಬಾರದು ಎಂಬುದನ್ನೂ ಸೇರಿಸಿ. ಮರೆತರೆ ಪೈಥಾನ್ ತಾನಾಗಿ ‘ಏನೂ ಇಲ್ಲ’ ಎಂದು ಕೊಡುತ್ತದೆ, ಪ್ರಾಕ್ಸಿ ಅದನ್ನು ‘ಸಂಪರ್ಕ ಬೇಡ’ ಎಂದು ತಿಳಿಯುತ್ತದೆ, ಪೇಜು ಬರುವುದೇ ಇಲ್ಲ.

‘ಚಂಕ್’ಗೆ ‘ಉತ್ತರ’ ಎಂದರೆ ಮಾತ್ರ ಕೋಡೇ ಕೆಡುತ್ತದೆ. ‘ಹ್ಯಾಂಡಲ್ ಅಪ್‌ಸ್ಟ್ರೀಮ್ ಚಂಕ್’ಗೆ ಸಿಗುವುದು ಪೂರ್ತಿ ಉತ್ತರವಲ್ಲ, ಬಂದಷ್ಟು ಬೈಟು, ಎಲ್ಲಿ ಬೇಕಾದರೂ ಕತ್ತರಿಸಿರಬಹುದು. ಪ್ಲಗಿನ್ ಪೇಜಿನಲ್ಲಿ ‘ದಾವಣಗೆರೆ’ ಪದವನ್ನು ಹುಡುಕಿ ಬದಲಾಯಿಸುತ್ತದೆ ಎನ್ನಿ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೆ (ಮೂಲ ಅಕ್ಷರ, ಕಾಗುಣಿತ ಚಿಹ್ನೆ ಎರಡೂ ಬೇರೆ ಬೇರೆ) 3 ಬೈಟು, ಅಂದರೆ 8 ಕೋಡ್‌ಪಾಯಿಂಟುಗಳ ‘ದಾವಣಗೆರೆ’ಗೆ 24. ‘ಗೆ’ಯೊಳಗಿನ ‘ಗ’ದ 3 ಬೈಟುಗಳ ಮಧ್ಯೆಯೇ ಮುರಿದರೆ ಡಿಕೋಡ್ ಎರರ್. ‘ದಾವಣ’ ಆದಮೇಲೆ ಮುರಿದರೆ ಎರರೂ ಇಲ್ಲ, ಹುಡುಕಿದ ಪದವೂ ಇಲ್ಲ. ಹುಡುಗರು ತಲೆಕೆಡಿಸಿಕೊಳ್ಳುವುದು ಇಲ್ಲೇ. ಪದ ಸಿಕ್ಕಿ ‘ಚಿತ್ರದುರ್ಗ’ ಎಂದು ಬದಲಾಯಿಸಿದರೆ 30 ಬೈಟು. ಉತ್ತರದ ಉದ್ದ ಹೇಳುವ ‘ಕಂಟೆಂಟ್ ಲೆಂಗ್ತ್’ ಹೆಡರ್ ಹಳೆಯದೇ ಉಳಿದರೆ ಪೇಜಿನ ಬಾಲದ 6 ಬೈಟು ಬ್ರೌಸರ್‌ಗೆ ಲೆಕ್ಕಕ್ಕಿಲ್ಲ. ಹಾಗಾಗಿ ತುಂಡುಗಳನ್ನು ಕೂಡಿಸಿಟ್ಟುಕೊಂಡು, ಜಿಜಿಪ್‌ನಲ್ಲಿ ಕುಗ್ಗಿಸಿದ್ದರೆ ಬಿಚ್ಚಿ, ಆಮೇಲೆ ಬದಲಾಯಿಸಿ ಉದ್ದ ತಿದ್ದಬೇಕು.

ನನ್ನ ಮತ ‘ತುಂಡು’. ‘ತುಣುಕು’ ಎಂದರೆ ಸುದ್ದಿತುಣುಕಿನಂತೆ ಅದರಷ್ಟಕ್ಕೆ ಅರ್ಥವಿರುವ ಚೂರು ಎನಿಸುತ್ತದೆ. ಎಚ್‌ಟಿಟಿಪಿ 1.1ರ ‘ಚಂಕ್ಡ್’ ರವಾನೆ (ಸರ್ವರೇ ಉತ್ತರವನ್ನು ಗಾತ್ರ ನಮೂದಿಸಿದ ಭಾಗಗಳಾಗಿ ಕಳಿಸುವುದು) ಬೇರೆಯೇ ಸಂಗತಿ, ಅಲ್ಲಿ ‘ಚಂಕ್’ ಎಂದೇ ಬಿಡಿ.

ಎಚ್‌ಟಿಟಿಪಿಎಸ್ ಸಂಪರ್ಕದ ‘ಇಂಟರ್ಸೆಪ್ಷನ್’ಗೆ ‘ತಡೆ’ ಎಂದಿದ್ದರೆ ಅದನ್ನೂ ತೆಗೆಯಿರಿ, ಅಲ್ಲಿ ಏನನ್ನೂ ತಡೆಯುತ್ತಿಲ್ಲ. ‘ನಡುವೆ ಬಿಚ್ಚಿ ನೋಡುವುದು’ ಅನ್ನಿ. ಅದಕ್ಕೆ ಸಿಎ (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಪ್ರಾಧಿಕಾರ) ಕೀ, ಸರ್ಟಿಫಿಕೇಟ್ ಫೈಲುಗಳನ್ನು ಕೊಡದಿದ್ದರೆ ಎಚ್‌ಟಿಟಿಪಿಎಸ್ ಸೈಟುಗಳ ತುಂಡುಗಳೆಲ್ಲ ಗೂಢಲಿಪಿಯಲ್ಲೇ ಬರುತ್ತವೆ.