ಬಾಡಿಗೆ ಫ್ಲ್ಯಾಟಿನಲ್ಲಿ ಮಾಟೊಳಿ: ಎಲ್ಲಿ ತೂಗುಹಾಕುವುದು, ಏನೇನು ಕಟ್ಟುವುದು?

ವಾಸ್ಕೊ_ಧಾರವಾಡ

ನಮಸ್ಕಾರ್ರಿ ಎಲ್ಲಾರಿಗೂ. ವಾಸ್ಕೊದಾಗ ಬಾಡಿಗಿ ಫ್ಲ್ಯಾಟಿನ್ಯಾಗ ಇದ್ದೀವಿ. ಈ ಸಲ ಚೌತಿಗೆ ಥರ್ಮಾಕೋಲ್ ಮಂಟಪ, ಪ್ಲಾಸ್ಟಿಕ್ ಹೂ ಬಿಟ್ಟು ಗೋವಾದವರಂಗ ಗಣಪ್ಪನ ಮ್ಯಾಲೆ ಮಾಟೊಳಿ (ಕಾಯಿ, ಹಣ್ಣು ಕಟ್ಟಿ ತೂಗಹಾಕೂ ಚೌಕಟ್ಟು) ಕಟ್ಟಬೇಕಂತ ಐತಿ. ಗಣಪ್ಪ ಒಂದೂವರಿ ಅಡಿ, ಎರಡೂವರಿ ಅಡಿ ಟೇಬಲ್ ಮ್ಯಾಲೆ ಗ್ವಾಡಿಗೆ ಹತ್ತಿ ಐದು ದಿನ ಕೂಡ್ತಾನ. ಛಾವಣಿ 9 ಅಡಿ. ಮಾಲೀಕರು ಡ್ರಿಲ್ ಹಚ್ಚಬ್ಯಾಡ್ರಿ ಅಂದಾರ. ಹಾಲಿನ ನಡುವ ಫ್ಯಾನಿನ ಕೊಂಡಿ ಒಂದೈತಿ. ಚೌಕಟ್ಟು ಎಷ್ಟು ದೊಡ್ಡದಿರಬೇಕು, ಯಾತರಲೆ ಕಟ್ಟಬೇಕು, ಐದು ದಿನ ಕೊಳೀದಂಗ ಇರೂವು ಯಾವು? ಮನ್ಯಾಗ ಸಣ್ಣ ಕೂಸು ಐತಿ, ಕಾಡಿನ ಕಾಯಿ ಅಂದ್ರ ಸ್ವಲ್ಪ ಅಂಜಿಕಿ.

ಕುಮಟೆ_ಪೋಂಡಾ

ನಮ್ಮ ಉತ್ತರ ಕನ್ನಡದ ಫಲಾವಳಿಗೂ ಇದೇ ಕ್ರಮ. ನಿಮ್ಮ ಟೇಬಲ್ಲಿಗೆ 3 ಅಡಿ ಉದ್ದ, ಎರಡೂವರೆ ಅಡಿ ಅಗಲದ ಚೌಕಟ್ಟು ಧಾರಾಳ ಸಾಕು. ಒಂದಿಂಚು ಅಗಲದ ಒಣ ಬಿದಿರಿನ ಅಥವಾ ಅಡಿಕೆ ಮರದ ದಬ್ಬೆ ತಗೊಳ್ಳಿ. 3 ಅಡಿಯವು ಆರು, ಎರಡೂವರೆ ಅಡಿಯವು ಏಳು. ಆರಾರು ಇಂಚಿಗೆ ಒಂದರಂತೆ ಅಡ್ಡ ಉದ್ದ ಇಟ್ಟರೆ ಚೌಕುಳಿ ಆಗುತ್ತದೆ. ಸುತ್ತಲಿನ ಎಲ್ಲ ಸಂದುಗಳನ್ನೂ ಕಟ್ಟಿ, ಒಳಗೆ ಒಂದು ಬಿಟ್ಟು ಒಂದು ಕಟ್ಟಿದರೆ ಸಾಕು. ಹಸಿ ಬಿದಿರು ಬೇಡವೇ ಬೇಡ, ಒಣಗುತ್ತಾ ಕುಗ್ಗಿ ಕಟ್ಟು ಸಡಿಲಾಗುತ್ತದೆ.

ತೂಕವನ್ನು ಮೊದಲೇ ಲೆಕ್ಕ ಹಾಕಿ. ಸಿಪ್ಪೆ ಸಮೇತ ಒಂದು ತೆಂಗಿನಕಾಯಿ ಒಂದು, ಒಂದೂವರೆ ಕಿಲೋ ಇರುತ್ತದೆ, ಎಳನೀರು ಇನ್ನೂ ಭಾರ. ಇಡೀ ಬಾಳೆಗೊನೆ, ಇಡೀ ಅಡಿಕೆಗೊನೆ ಹಳೆ ಮನೆಯ ತೊಲೆಗೆ ಸರಿ. ನೀವು ಬಾಳೆಯದು ಒಂದೆರಡು ಚಿಪ್ಪು, ಅಡಿಕೆಗೊನೆಯ ಎರಡು ಕವಲು ಕಟ್ಟಿ. ಎಲ್ಲ ಸೇರಿ 15 ಕಿಲೋ ದಾಟದಿರಲಿ. ಭಾರದ್ದೆಲ್ಲ ನಾಲ್ಕು ಮೂಲೆಗೆ, ಹಗುರದ್ದು ನಡುವಿಗೆ. ಗಣಪತಿಯ ತಲೆಯ ನೇರಕ್ಕೆ ತೆಂಗಿನಕಾಯಿ ಬರಲೇಬಾರದು.

ಫ್ಯಾನ್ ಇಳಿಸಿ ಆ ಕೊಂಡಿಗೇ ಹಾಕಬಹುದು. ಮೇನ್ ಸ್ವಿಚ್ ಆರಿಸಿ, ವೈರಿನ ತುದಿಗಳಿಗೆ ಟೇಪ್ ಸುತ್ತಿ. ನಾಲ್ಕು ಮೂಲೆಯ ಹಗ್ಗಗಳು ಕೂಡುವ ಬಳೆ ಚೌಕಟ್ಟಿಗಿಂತ ಕನಿಷ್ಠ 2 ಅಡಿ ಮೇಲಿರಬೇಕು. ಅದಕ್ಕಿಂತ ಕೆಳಗಾದರೆ ಹಗ್ಗ ಮಲಗಿದಂತಾಗಿ ಮೂಲೆಗಳನ್ನು ಒಳಕ್ಕೆ ಎಳೆಯುತ್ತದೆ, ದಬ್ಬೆ ಬಿಲ್ಲಾಗುತ್ತದೆ.

ಶಿರಸಿ_ಮಡಗಾಂವ್

ಮೇಲಿನವರ ಲೆಕ್ಕ ಸರಿ ಇದೆ, ಆದರೆ ಕೊಂಡಿ ಇರುವುದು ಹಾಲಿನ ನಡುವೆ, ಗಣಪತಿ ಕೂರುವುದು ಗೋಡೆಗೆ. ಕೊಂಡಿಗೆ ಹಾಕಿದ್ದನ್ನು ಹಗ್ಗ ಕಟ್ಟಿ ಗೋಡೆ ಕಡೆ ಎಳೆದರೆ ಚೌಕಟ್ಟು ವಾಲುತ್ತದೆ. ನಾಲ್ಕು ಕಾಲಿನ ಮಂಟಪ ಮಾಡುವುದೇ ವಾಸಿ.

ಆರೂವರೆ ಅಡಿಯ ನಾಲ್ಕು ಬಿದಿರು, ಒಂದೊಂದನ್ನೂ 10 ಲೀಟರಿನ ಖಾಲಿ ಪೇಂಟ್ ಡಬ್ಬಿಯಲ್ಲಿ ನಿಲ್ಲಿಸಿ ಮರಳು ಜಡಿಯಿರಿ. ಮರಳು ಒದ್ದೆ ಮಾಡಿ ಕುಟ್ಟಿದರೆ ಕಾಲು ಅಲುಗದು. ಹಿಂದೆ ಮತ್ತು ಎರಡು ಪಕ್ಕಕ್ಕೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದೊಂದು ದಬ್ಬೆ ಬಿಗಿಯಲೇಬೇಕು. ಈ ಓರೆ ದಬ್ಬೆ ಬಿಟ್ಟವರ ಮಂಟಪವೇ ಆರತಿ ಹೊತ್ತಿಗೆ ಯಾರದ್ದೋ ಭುಜ ತಗುಲಿ ಪಕ್ಕಕ್ಕೆ ವಾಲುವುದು. ಮುಂದಿನ ಬದಿ ಪೂಜೆಗೆ ತೆರೆದಿರಲಿ. ಕಾಯಿಗಳು ಚೌಕಟ್ಟಿನಿಂದ ಒಂದೂಕಾಲು ಅಡಿಗಿಂತ ಕೆಳಗೆ ಇಳಿಯದಿದ್ದರೆ ನಿಮ್ಮ ಗಣಪತಿಯ ಕಿರೀಟದ ಮೇಲೆ ಇನ್ನೂ ಒಂದೂಕಾಲು ಅಡಿ ಜಾಗ ಉಳಿಯುತ್ತದೆ. ನಂದಾದೀಪ ಮಾತ್ರ ಚೌಕಟ್ಟಿನ ಹೊರಗೇ ಇರಲಿ. ಮೂರನೇ ದಿನಕ್ಕೆ ನಾರು, ಮಾವಿನೆಲೆ ಎಲ್ಲ ಒಣಗಿರುತ್ತವೆ, ಬೆಂಕಿಗೆ ಅಷ್ಟೇ ಸಾಕು.

ಕಟ್ಟಲಿಕ್ಕೆ: ಅರ್ಧ ಕಿಲೋ ಒಳಗಿನದ್ದಕ್ಕೆ ಬಾಳೆನಾರು, ಮೇಲಿನದ್ದಕ್ಕೆ ಕತ್ತದ ಹುರಿ. ಬಾಳೆಪಟ್ಟೆಯನ್ನು ಹಸಿಯಾಗಿ ಬಳಸಿದರೆ ಒಂದೇ ರಾತ್ರಿಗೆ ಕುಗ್ಗಿ ಗಂಟು ಜಾರುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿ, ಕಟ್ಟುವ ಮೊದಲು ಹತ್ತು ನಿಮಿಷ ನೀರಲ್ಲಿ ಅದ್ದಿ ತೆಗೆಯಿರಿ. ಎಡಮುರಿ ಗಿಡದ ತೊಗಟೆಯ ನಾರು ಸಿಕ್ಕರಂತೂ ಅದಕ್ಕಿಂತ ಗಟ್ಟಿ ಬೇರೊಂದಿಲ್ಲ, ಅದರ ತಿರುಚಿದ ಕಾಯಿಯೂ ಮಾಟೊಳಿಗೆ ಚಂದ. ಚಕ್ಕೋತ, ಮೊಗೆಕಾಯಿಯಂಥ ನುಣುಪು ಕಾಯಿಗೆ ಒಂದು ಸುತ್ತು ದಾರ ನಿಲ್ಲದು, ಹಾಲಿನ ಗಡಿಗೆಗೆ ಹೆಣೆಯುವ ನೆಲುವಿನ ಹಾಗೆ ಅಡಿಯಿಂದ ಹಿಡಿಯುವಂತೆ ಹೆಣೆಯಬೇಕು.

ವಾಸ್ಕೊ_ಧಾರವಾಡ

ಭಾಳ ಉಪಕಾರ ಆತ್ರಿ ಇಬ್ಬರಿಗೂ. ನಾಲ್ಕು ಕಾಲಿಂದೇ ಮಾಡ್ತೀನಿ. ಕಾಯಿ ಹಣ್ಣು ಎಲ್ಲಿ ಹುಡುಕೂದು? ಮೊಲೆಂ ಕಡೆ ಕಾಡಿಗೆ ಹೋಗಿ ತರಬಹುದೇನು?

ಕುಮಟೆ_ಪೋಂಡಾ

ಮೊಲೆಂ, ನೇತ್ರಾವಳಿ, ಖೋತಿಗಾಂವ್, ಮಹಾದಾಯಿ ಇವೆಲ್ಲ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಅನುಮತಿಯಿಲ್ಲದೆ ಅಲ್ಲಿಂದ ಕಾಯಿ, ಬಳ್ಳಿ ಏನೂ ತರುವಂತಿಲ್ಲ. ಗುರುತಿಲ್ಲದವರಿಗೆ ಇನ್ನೊಂದು ಅಪಾಯ ಹೊಲಗೇರು ಮರ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ. ಚೌತಿಗೆ ಮುಂಚೆ ಮ್ಹಾಪ್ಸಾ, ಪೋಂಡಾ, ಮಡಗಾಂವ್ ಪೇಟೆಗಳಲ್ಲಿ ಮಾಟೊಳಿ ಬಜಾರ್ ಕೂರುತ್ತದೆ. ಸತ್ತರಿ, ಸಾಂಗೆ, ಕಾಣಕೋಣ ಕಡೆಯ ಹಳ್ಳಿಯವರು ತಂದು ಮಾರುತ್ತಾರೆ. ಅವರ ಹತ್ತಿರವೇ ಕೊಳ್ಳಿ, ಯಾವುದು ತಿನ್ನುವುದು ಯಾವುದು ಅಲ್ಲ ಎಂದು ಕೇಳಿದರೆ ಒಂದೊಂದನ್ನೂ ತೋರಿಸಿ ಹೇಳುತ್ತಾರೆ.

ಐದು ದಿನಕ್ಕೆ ಗಟ್ಟಿ: ಅಡಿಕೆ, ತೆಂಗು, ಮೊಗೆಕಾಯಿ, ಚಕ್ಕೋತ, ಮಾದಳ, ಬೇಲ, ಎಳೆ ಅಮಟೆ. ಸೀತಾಫಲ, ಪೇರಲ ಎರಡೇ ದಿನಕ್ಕೆ ಮೆತ್ತಗಾಗಿ ಉದುರುತ್ತವೆ. ಬಾಳೆ ಪೂರಾ ಕಾಯಿಯೇ ಆಗಿರಲಿ, ಅದು ಹಣ್ಣಾಗತೊಡಗಿದರೆ ಪಕ್ಕದವನ್ನೂ ಹಣ್ಣು ಮಾಡುತ್ತದೆ. ಎಲ್ಲವನ್ನೂ ಎರಡಿಂಚು ತೊಟ್ಟು ಉಳಿಸಿ ಕೊಯ್ದದ್ದು ನೋಡಿ ತಗೊಳ್ಳಿ. ತೊಟ್ಟು ಕಿತ್ತುಬಂದ ಜಾಗದಿಂದಲೇ ಕೊಳೆ ಶುರು. ಮಳೆನೀರು ಒರೆಸಿ, ಒಂದು ರಾತ್ರಿ ನೆಲದ ಮೇಲೆ ಬಿಡಿಬಿಡಿಯಾಗಿ ಹರಡಿ, ಆಮೇಲೆ ಕಟ್ಟಿ. ಒಂದಕ್ಕೊಂದು ತಾಗದಂತೆ ನಡುವೆ ಗಾಳಿಯಾಡಬೇಕು.

ಇರುವೆಗೆ ಪ್ರತಿ ಕಾಲಿಗೂ ಒಂದಡಿ ಎತ್ತರದಲ್ಲಿ ಎರಡು ಬೆರಳು ಅಗಲ ವ್ಯಾಸಲೀನ್ ಬಳಿಯಿರಿ. ಮಂಟಪ ಗೋಡೆಗೆ ತಾಗಿದ್ದರೆ ಇದರಿಂದ ಏನೂ ಉಪಯೋಗವಿಲ್ಲ, ನಾಲ್ಕು ಇಂಚು ಬಿಡಿ.

ಡೊಂಬಿವಲಿ_ಕಾರವಾರ

ಮುಂಬಯಿಯವರು ಓದುತ್ತಿದ್ದರೆ: ದಾದರ್ ಸ್ಟೇಷನ್ ಪಕ್ಕದ ಹೂವಿನ ಪೇಟೆಯಲ್ಲಿ ಹಬ್ಬಕ್ಕೆ ಮುಂಚೆ ಕಾಂಗಲಾ, ಕವಂಡಾಳ ಎಂಬ ಕಾಡುಕಾಯಿಗಳು ಸಿಗುತ್ತವೆ. ಸಿಂಧುದುರ್ಗದವರು ತಮ್ಮ ಮಾಟವಿಗೆ (ಮಾಟೊಳಿಗೆ ಅಲ್ಲಿನ ಹೆಸರು) ಕೊಳ್ಳುವುದು ಇವನ್ನೇ. ಕಾಂಗಲಾದ ಹಳದಿ ಗೊಂಚಲು ಐದು ದಿನ ನಿಲ್ಲುತ್ತದೆ. ಕವಂಡಾಳದ ಕೆಂಪು ಕಾಯಿ ಬೇಗ ಒಸರುತ್ತದೆ, ಹಬ್ಬದ ಹಿಂದಿನ ದಿನ ತಂದರೆ ಸಾಕು.

ಕೂಸಿರುವ ಮನೆಗೆ ಮೂರು ಬೇಡ. ಕಾಸರಕ (ಗೋವಾದ ಕಾಜ್ರೊ) ಹಣ್ಣಾದಾಗ ಸಣ್ಣ ಕಿತ್ತಳೆಯ ಹಾಗೇ ಕಾಣುತ್ತದೆ, ಬೀಜದಲ್ಲಿ ಸ್ಟ್ರಿಕ್ನಿನ್ ವಿಷ ಇದೆ. ಗುಲಗಂಜಿ ಉದುರಿದರೆ ಮಕ್ಕಳು ಬಾಯಿಗೆ ಹಾಕುತ್ತಾರೆ. ಅಗ್ನಿಶಿಖೆಯ ಹೂ ಎಷ್ಟೇ ಚಂದ ಇರಲಿ, ಇಡೀ ಗಿಡವೇ ವಿಷ, ಗಡ್ಡೆ ಇನ್ನೂ ಹೆಚ್ಚು. ಗಡ್ಡೆ ಸಮೇತ ಕಿತ್ತು ತಂದದ್ದನ್ನಂತೂ ಯಾರೂ ಕೊಳ್ಳಬೇಡಿ, ಮುಂದಿನ ಮಳೆಗೆ ಆ ಜಾಗದಲ್ಲಿ ಗಿಡವೇ ಇರುವುದಿಲ್ಲ.

ವಿಸರ್ಜನೆ ನಂತರ ಮಾಟೊಳಿಯ ಹಣ್ಣನ್ನು ಪ್ರಸಾದವಾಗಿ ಹಂಚುತ್ತಾರಲ್ಲ, ಹಾಗಾಗಿ ತಿನ್ನಬಾರದ ಕಾಡುಕಾಯಿಗಳನ್ನು ಹಿಂದಿನ ಒಂದೇ ದಬ್ಬೆಗೆ ಕೆಂಪು ದಾರದಲ್ಲಿ ಕಟ್ಟಿ, ಇಳಿಸುವಾಗ ಆ ದಬ್ಬೆಯನ್ನು ಮೊದಲು ಬಿಚ್ಚಿ ಬೇರೆ ಚೀಲಕ್ಕೆ ಹಾಕಿ. ಹೊಳೆಯಲೆಂದು ಬಂಗಾರದ ಸ್ಪ್ರೇ ಹೊಡೆದ ಕಾಯಿಯೂ ಅದೇ ಚೀಲಕ್ಕೆ ಹೋಗಬೇಕಾಗುತ್ತದೆ, ಹೊಡೆಯದಿರುವುದೇ ಒಳ್ಳೆಯದು.